ಲೇಸು

ನಂದಿ ಕ್ರಾಸಿನಲ್ಲಿ ಐದೂವರೆ. ಮಂಜು
ದ್ರಾಕ್ಷಿ ಚಪ್ಪರದ ಕಂಬಗಳನ್ನು ಅರ್ಧಕ್ಕೇ ಕತ್ತರಿಸಿಟ್ಟಿದೆ.
ನಲವತ್ತೊಂಬತ್ತು ಕೆಜಿಯ ನಾನು
ಎರಡು ಬನಿಯನ್ನಿನೊಳಗೆ ಕಡ್ಡಿ.
ಗಂಗುಲಪ್ಪ ತೋಳಿಲ್ಲದ ಅಂಗಿಯಲ್ಲಿ ನಿಂತು
ಆಕಳಿಸುತ್ತಾನೆ.

ಚೈತ್ರದಲ್ಲಿ ನೋಡಬೇಕಿತ್ತು ಇವನನ್ನು:
ಹುಣಸೆಮರದ ಬುಡ ಹಿಡಿದು
ಕುಕ್ಕರಿಸಿದವನ ನೆತ್ತಿಗೆ
ಬಾಟಲಿ ಸುರಿದು, ಬರ್ತೀನಪ್ಪ ಅಂತ
ಓಡಿದ್ದೆ, ಕಾದೆಣ್ಣೆಯ ಸಾಸಿವೆ ಹಾಗೆ.
ಬಿಸಿಲು ನನ್ನ ಸೋದರಮಾವ ಅಂದುಕೊಂಡಿದ್ದೆ.

ಇವತ್ತು ಅವನ ತಲೆಯಿಂದ ಹಬೆ,
ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ.
ಒಂದೇ ಚಳಿ. ಅವನಿಗೆ ಬೆನ್ನು ತಟ್ಟುತ್ತದೆ,
ನನ್ನ ಬೆರಳುಗಳನ್ನು ಒಂದೊಂದಾಗಿ
ಎಣಿಸಿ ತೆಗೆದುಕೊಳ್ಳುತ್ತದೆ.

ಹನ್ನೊಂದರ ಕಲ್ಲಿನ ಹತ್ತಿರ ಲೇಸು ಬಿಚ್ಚಿತು.
ಬಗ್ಗಿದೆ. ಬೆರಳು ಇವೆ, ಕಾಣುತ್ತವೆ,
ನನ್ನವಲ್ಲ.
ಕಡಲೆ ಚಿಕ್ಕಿಯ ಪೊಟ್ಟಣ ಹಲ್ಲಿಗೂ ಹರಿಯಲಿಲ್ಲ,
ಹಲ್ಲು ತಾವೇ ಬೇರೆ ತಾಳಕ್ಕೆ ಬಿದ್ದಿದ್ದವು.
ಕೂಗೋಣವೆಂದರೆ
ಅವನ ಹೆಸರಿನ ಮೊದಲಕ್ಷರವೂ ಹೊರಡದು.

ಮುಂದೆ ಹೋದವನು ತಿರುಗಿ ಬಂದ.
ಮಂಡಿಯೂರಿದ. ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ
ದಿನವಿಡೀ ರೇಷ್ಮೆಗೂಡು ತೂಗುವ
ಆ ದಪ್ಪ ಬೆರಳುಗಳಿಂದ
ಬೆಂದ ಗೆಣಸಿನಂಥ ಬಿಸಿ
ಹಿಮ್ಮಡಿವರೆಗೂ ಇಳಿಯಿತು.
ಎರಡು ಗಂಟು, ಬಿಗಿಯಾಗಿ.

ಎದ್ದವನೇ "ಬರ್ತೀನಪ್ಪ" ಅಂದ,
ನನ್ನದೇ ದನಿ ಕದ್ದು,
ಮಂಜಿನೊಳಗೆ ಹೊಕ್ಕ.

ಲೇಸಾಯಿತು, ಅನ್ನಬೇಕೆಂದುಕೊಂಡೆ.
ತುಟಿ ಸೆಟೆದಿತ್ತು.
ಕಾಲು ಎತ್ತಿದೆ.