ನಂಗಲಿ ಗೇಟು, ಮೊದಲ ಪಾಳಿ

ಭಾಷಾ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೊಂದು ನನಗೆ.
ಗುಣಸಂಧಿ ತಪ್ಪಿಲ್ಲ, ತತ್ಸಮ-ತದ್ಭವ ತಪ್ಪಿಲ್ಲ;
ಗಡಿಗೆ ಸಮಾನಾರ್ಥಕ ಕೇಳಿದ್ದರು,
ಎಲ್ಲೆ, ಮೇರೆ, ಸೀಮೆ, ಮೂರೂ ಬರೆದಿದ್ದೆ.

ಆದೇಶದಲ್ಲಿ ಒಂದೇ ಸಾಲು:
ನಂಗಲಿ ಚೆಕ್‌ಪೋಸ್ಟು, ರಾತ್ರಿ ಹತ್ತರಿಂದ ಆರು.
ಸಿಂದಗಿಯಿಂದ ಮುಳಬಾಗಿಲು ದಾಟುವಷ್ಟರಲ್ಲಿ
ಬುತ್ತಿಯ ರೊಟ್ಟಿ ಖಟಿ ಆಗಿತ್ತು.

ಮೊದಲ ಲಾರಿಗೆ ಕೈಯೊಡ್ಡಿ ಕೂಗಿದೆ: ‘ನಿಂದ್ರಸೋ!’
ಧೂಳು ಬಿಟ್ಟು ಹೋಯಿತು.
ಹೋಮ್‌ಗಾರ್ಡ್ ಪಿಳ್ಳಪ್ಪ, ಬೀಡಿ ತುಟಿಯಲ್ಲಿದ್ದಂತೆಯೇ,
ಎರಡನೆಯದಕ್ಕೆ ‘ಆಪು’ ಅಂದ.
ಕೂಗಲೂ ಇಲ್ಲ.
ಹದಿನಾಲ್ಕು ಚಕ್ರ ಉಸ್ಸೆಂದು ಕುಂತವು.

‘ಚಿತ್ತೂರಿನ ಗಾಡಿಗೆ ಇದು ಸಾಮಿ,
ವೇಲೂರಿನದಕ್ಕೆ ನಿರುತ್ತು.
ಪಂಜಾಬಿನವನಿಗೆ ಟಾರ್ಚು ಸಾಕು.
ಟಮೋಟೊ ಕ್ರೇಟಿನ ಅಡಿಗೆ ಕೈ ಹಾಕೋವಾಗ ಮಾತ್ರ
ಮಾತಾಡಬೇಡಿ, ಅವನ ಕಣ್ಣು ನೋಡಿ.’

ನಸುಕಿಗೆ ಎಮ್ಮೆ ಹೊಡಕೊಂಡು ಬಂದಳು ಒಬ್ಬ ಮುದುಕಿ.
ಮನೆ ಈಚೆ, ಹುಲ್ಲು ಆಚೆ.
ಎಮ್ಮೆಗೆ ತೆಲುಗು, ನನಗೆ ಕನ್ನಡ,
ನಡುವೆ ಉಸಿರೂ ಬದಲಿಸಲಿಲ್ಲ.
ನಾನು ಊರು, ಹೆಸರು ವಿಚಾರಿಸಿದೆ.
ನಿಂತು, ಕಿವಿಗೊಟ್ಟು, ಕೇಳಿದಳು:
‘ಪಾಪ, ಎಲ್ಲಿಯವನಪ್ಪ ನೀನು?
ಕನ್ನಡ ಸರಿಯಾಗಿ ಬರಲ್ವಾ?’
ನನ್ನ ಅಂಗೈಗೆ ಒಂದು ಹಿಡಿ ಹುರಿಗಡಲೆ ಸುರಿದು
ಗೇಟಿನ ಕೋಲು ತಾನೇ ಎತ್ತಿಕೊಂಡು ಹೋದಳು.

ರಿಜಿಸ್ಟರ್ ಕನ್ನಡದಲ್ಲೇ ಇರಬೇಕು, ಅದು ನಿಯಮ.
ಐದು ನಲವತ್ತು. ಎಮ್ಮೆ ಒಂದು, ಹೆಂಗಸು ಒಬ್ಬಳು.
ಹೆಸರಿನ ಕಾಲಮ್ಮು ಖಾಲಿ.
ಷರಾ: ‘ನಿಂದ್ರಲಿಲ್ಲ.’

ಏಳಕ್ಕೆ ಬಂದ ಸಾಹೇಬರು ಕೆಂಪು ಪೆನ್ನು ತೆಗೆದು
ಅದೊಂದನ್ನೇ ತಿದ್ದಿದರು:
ನಿಲ್ಲಲಿಲ್ಲ.