ಮೂರನೇ ಗೇರಿನಲ್ಲಿ

"ಹೇಗೆ ಕೇಳಿಸುತ್ತೆ, ಮಾಡಿ ತೋರಿಸಿ" ಅಂದ ಉಶಾಂಗಿ,
ಕೈಗಿಂತ ಕಪ್ಪಾದ ಬಟ್ಟೆಯಲ್ಲಿ ಕೈ ಒರೆಸುತ್ತ.
ಕುತಾಯಿಸಿಯ ಸಂತೆಯಲ್ಲಿ ಚೀಸು ಮಾರುವವಳು ನಾನು,
ಐವತ್ತೆಂಟು ದಾಟಿದವಳು,
ಗ್ಯಾರೇಜಿನ ನಾಲ್ಕು ಗಂಡಸರೆದುರು ತುಟಿ ಮುಂದೆ ಮಾಡಿ
ಟ್ರ್ರ್ರ್ ಅಂದೆ. ಅಲ್ಲ ಅನ್ನಿಸಿತು.
ನಾಲಿಗೆ ಮಡಚಿ ಟಕಟಕ ಅಂದೆ. ಅದೂ ಅಲ್ಲ.
ತಗಡಿನ ಡಬ್ಬಿಯಲ್ಲಿ ಒಣಕಾಳು ಅಲ್ಲಾಡಿಸಿದ ಹಾಗೆ,
ಅಲ್ಲಾಡಿಸುವವನಿಗೆ ಸಿಟ್ಟು ಬಂದ ಹಾಗೆ.
ನಾದಿನಿ ತ್ಸಿಯಾಲಾ ಕಾರಿನೊಳಗಿಂದಲೇ ತಿದ್ದಿದಳು:
"ಗೊರಗೊರ. ನಮ್ಮಣ್ಣನ ಗೊರಕೆ."

ಇಲ್ಲಿ, ಸೇತುವೆಯ ಕೆಳಗೆ, ಸದ್ದೇ ಇಲ್ಲ.
ಕಟಕಟೆಗೆ ಬಂದ ಮೇಲೆ ಸಾಕ್ಷಿ ತಿರುಗಿಬಿದ್ದ ಹಾಗೆ ಕಾರು.
ಗುಡ್ಡದ ಸ್ಮಶಾನದಿಂದ ರೊಟ್ಟಿಯ ಭಟ್ಟಿ ಬರುವ ತನಕ,
ಏರು, ಮೂರನೇ ಗೇರು, ಹಿಂದೆ ಎಂಬತ್ತು ಕಿಲೋ ಚೀಸು,
ಆಗ ಮಾತ್ರ.

ಜಪಾನಿನಿಂದ ಹಡಗಿನಲ್ಲಿ ಬಂದದ್ದು. ಸ್ಟಿಯರಿಂಗು ಬಲಕ್ಕೆ,
ನಮ್ಮ ರಸ್ತೆಗೆ ಅದು ತಪ್ಪು ಬದಿ.
ಮುಂದಿನ ಟ್ರಕ್ಕು ದಾಟಬೇಕಾದರೆ
ಎಡಕ್ಕೆ ಕೂತವಳು ಕತ್ತು ಚಾಚಿ "ಈಗ" ಅನ್ನಬೇಕು.
ಏಳು ವರ್ಷದಿಂದ ತ್ಸಿಯಾಲಾಳ "ಈಗ"ದ ಮೇಲೆ ಬದುಕಿದ್ದೇನೆ.
ಮನೆಯಲ್ಲಿ ನಮ್ಮಿಬ್ಬರ ಮಾತು ಕಡಿಮೆ.

ಉಶಾಂಗಿ ಆಯಿಲ್ ಕಡ್ಡಿ ಎಳೆದ,
ಎರಡು ಬೆರಳ ನಡುವೆ ತಿಕ್ಕಿ ಬಿಸಿಲಿಗೆ ಹಿಡಿದ.
ಹೊಳೆದರೆ ಕೆಟ್ಟದ್ದು, ಅಂದ,
ಒಳಗೆ ಲೋಹ ಲೋಹವನ್ನು ತಿನ್ನುತ್ತಿದೆ ಅಂತ.
ನಾನು ಆ ಬೆರಳುಗಳನ್ನೇ ನೋಡುತ್ತ ಲೆಕ್ಕ ಹಾಕಿದೆ:
ಒಂದು ಎಂಜಿನ್ನು ಅಂದರೆ ಎಷ್ಟು ಚೀಸು,
ಎಷ್ಟು ಹಾಲು, ಎಷ್ಟು ಬೆಳಗಿನ ಜಾವ.
ಹೊಳೆಯಲಿಲ್ಲ.

ಒಂದೊಂದೇ ಸಿಲಿಂಡರನ್ನು ಸುಮ್ಮನಾಗಿಸಿ ನೋಡಿದ.
ಎಂಜಿನ್ನು ಕುಂಟಿತು, ಬೇರೇನೂ ಬಾಯಿಬಿಡಲಿಲ್ಲ.
ಮೊಳದುದ್ದದ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ,
ಹಿಡಿ ಅವನ ದವಡೆಗೆ.
ಕಿವಿ ಹೋಗಿ ಹತ್ತು ವರ್ಷವಂತೆ,
ಮೂಳೆಗೆ ಕೇಳುತ್ತೆ, ಅಂದ.

ಕೊನೆಗೆ ತಾನೇ ಹಿಂದೆ ಹತ್ತಿದ, ಬಕೆಟ್ಟುಗಳ ನಡುವೆ.
ರೇಡಿಯೋ ಆಫ್ ಮಾಡಿ. ಗಾಜು ಇಳಿಸಿ. ಮಾತು ಬೇಡ.
ಮೂವರೂ ಉಸಿರು ಬಿಗಿಹಿಡಿದು ಕೇಳಿದೆವು.
ಸ್ಮಶಾನ. ಏರು. ಮೂರು.
ಬಂತು.
ನಾಚಿಕೆಯಿಲ್ಲದೆ, ಪೂರ್ತಿಯಾಗಿ ಬಂತು.
ಉಶಾಂಗಿ ನಕ್ಕ: "ಇಬ್ಬರೂ ತಪ್ಪು ಮಾಡಿ ತೋರಿಸಿದಿರಿ."

ಗುಂಡಿಯ ಮೇಲೆ ಕಾರು, ಗುಂಡಿಯೊಳಗೆ ಅವನು.
"ಆಕ್ಸಿಲರೇಟರ್ ಒತ್ತಿ. ಇನ್ನೂ. ಹಾಗೇ ಹಿಡಿದಿರಿ."
ಸರಳಿನಿಂದ ಎಲ್ಲೋ ಅದುಮಿದ, ಸದ್ದು ನಿಂತಿತು.
ಬಿಟ್ಟ, ಬಂತು. ಅದುಮಿದ, ನಿಂತಿತು.
ಆಮೇಲೆ ಬರೀ ಆಟಕ್ಕೆ ಇನ್ನೆರಡು ಸಲ.

ಹೊಗೆಕೊಳವೆಯ ಶಾಖ ತಡೆಯುವ ಒಂದು ತಗಡು. ಅಷ್ಟೇ.
ತುಕ್ಕು ಹಿಡಿದು ಬೋಲ್ಟು ಉದುರಿದೆ.
ಆದರೆ ಇಲ್ಲಿ ನೋಡಿ, ಎಂದು ಕರೆದ. ಬಗ್ಗಿದೆ.
ಯಾರೋ ಅದಕ್ಕೆ ತಂತಿ ಬಿಗಿದಿದ್ದರು, ಮೂರು ಸುತ್ತು,
ಕೈಗೆ ಚುಚ್ಚದಂತೆ ತುದಿಯನ್ನು ಒಳಕ್ಕೆ ಮಡಿಸಿ.
ಈಗ ಹರಿದಿದೆ.
"ಇದು ನನ್ನ ಕೆಲಸವಲ್ಲ, ಈ ಊರಿನ ಯಾರದ್ದೂ ಅಲ್ಲ.
ಇಲ್ಲಿ ಯಾರೂ ತುದಿ ಮಡಿಸುವುದಿಲ್ಲ."
ಸಮುದ್ರದಾಚೆ, ಹಿಮದ ರಸ್ತೆಗೆ ಉಪ್ಪು ಸುರಿಯುವ ಯಾವುದೋ ಊರಲ್ಲಿ
ಯಾರೋ ಏರು ಹತ್ತುತ್ತ ರೇಡಿಯೋ ಆಫ್ ಮಾಡಿದ್ದರು.

ಕ್ಲಾಂಪು ಬಿಗಿದ. ದುಡ್ಡು ಬೇಡವೆಂದ,
ಒಂದು ಗುಂಡು ಚೀಸನ್ನು ತೂಗದೆ ಎತ್ತಿಟ್ಟುಕೊಂಡ, ದೊಡ್ಡದನ್ನೇ.
ತಂತಿಯ ತುಂಡನ್ನು ನಾನು ಎಸೆಯಲಿಲ್ಲ,
ಬಕೆಟ್ಟಿನ ಹಿಡಿಗೆ ಬೇಕಾಗುತ್ತೆ.

ವಾಪಸು ಬರುವಾಗ ಏರು ಸುಮ್ಮನಿತ್ತು.
ಸುಮ್ಮನಿದ್ದುದಕ್ಕೇ ಕೇಳಿಸಿತು,
ಬಾಗಿಲ ಕಡೆ ಎಲ್ಲೋ, ಸಣ್ಣಗೆ, ಕಿಣಿಕಿಣಿ.
"ಇದೇನೇ?" ಅಂದೆ.
ತ್ಸಿಯಾಲಾ ಉತ್ತರ ಕೊಡಲಿಲ್ಲ. ಕತ್ತು ಚಾಚಿದ್ದಳು.
ಮುಂದೆ ದಿಮ್ಮಿ ಹೇರಿದ ಟ್ರಕ್ಕು, ಅದರಾಚೆ ತಿರುವು.
"ತಡಿ" ಅಂದಳು. "ತಡಿ.
ಈಗ."