ಖಾಲಿ ಚೀಟಿ

ಕಣ್ಣು ಮಂಜಾದ ಮೇಲೆ ಸಿಪ್ರಿಯಾನಾ
ಗಡ್ಡೆಗಳನ್ನು ಹೆಬ್ಬೆರಳಲ್ಲಿ ಓದುತ್ತಾಳೆ.
"ಇದು ಓಕಾ. ಹತ್ತು ದಿನ ಬಿಸಿಲಿಗೆ ಹಾಕು,
ಹುಳಿ ತಾನೇ ಬಿಡುತ್ತದೆ.
ಇದು ಮಾಶ್ವಾ, ಮೂಸು, ಮೂಲಂಗಿಯ ಸಿಟ್ಟು.
ಕೈ ಜಾರಿತಲ್ಲ, ಅದು ಉಲ್ಯೂಕೊ."

ಕುಸ್ಕೊದಿಂದ ಬಂದ ಹುಡುಗ
ಚೀಟಿ ಬರೆದು ಬರೆದು ಅಂಟಿಸುತ್ತಾನೆ.

ಚೀಲದ ತಳದಲ್ಲಿ ಇನ್ನೊಂದು:
ಗಂಟುಗಂಟು, ಇಲಿ ಕಡಿದದ್ದು.
ತಿರುಗಿಸುತ್ತಾಳೆ. ಮೂಸುತ್ತಾಳೆ.
ತುದಿನಾಲಗೆಗೆ ತಾಗಿಸಿ
ಸುಮ್ಮನಾಗುತ್ತಾಳೆ.

"ಏನು ಬರೆಯಲಿ, ಅಜ್ಜಿ?"

"ಮಣ್ಣು ನನ್ನ ತಂಗಿ ಸೇರಿದ ಕಣಿವೆಯದು,
ಉಪ್ಪುಪ್ಪು. ಅಷ್ಟು ಗೊತ್ತು.
ಹೆಸರು, ಅವಳಿದ್ದಾಗ
ಕೇಳಬೇಕಿತ್ತು.
ಜಗಳವಾಡಿಕೊಂಡೇ ಇದ್ದೆವು."

ಹುಡುಗ ಖಾಲಿ ಚೀಟಿಯನ್ನೇ ಅಂಟಿಸಹೋದ.
ಅವಳು ಕೈ ಅಡ್ಡ ಹಿಡಿದು
ಗಡ್ಡೆಯನ್ನು ಲಂಗದ ಮಡಿಕೆಗೆ ಸೇರಿಸಿಕೊಂಡಳು.

ಇಲಿ ಬಿಟ್ಟ ಬದಿಯಲ್ಲಿ
ಮೂರು ಕಣ್ಣು ಮೂಡಿವೆ.
ನೆಡಲು ಅಷ್ಟು ಸಾಕು.